ನನ್ನೆತ್ತರದ ಮೇಣದಬತ್ತಿ

ಡಾಕ್ಟರು ನನಗೆ ಮಾತು ನಿಷೇಧಿಸಿದ ವಾರ ನಮ್ಮ ಮನೆಯಲ್ಲಿ ಎಲ್ಲರೂ ಆರಾಮವಾಗಿದ್ದರು. ಪಿಸುಮಾತೂ ಕೂಡದು, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಕಷ್ಟ ಎಂದು ಅವರು ನನ್ನ ಹೆಂಡತಿಗೆ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಮಾತಾಡಬಾರದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಜನ ಎಷ್ಟು ಬೇಗ ತೀರ್ಮಾನಿಸುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ದನಿ ಒಡೆದು ಕೆಲವು ತಿಂಗಳಾಗಿತ್ತು. ಮಸ್ಕತ್ತಿನ ವಾದಿ ಕಬೀರಿನಲ್ಲಿ ಜನರೇಟರ್ ಬಿಡಿಭಾಗ ಮಾರುವ ಕಂಪನಿಯಲ್ಲಿ ನಾನು ಸೇಲ್ಸ್‌ನವನು. ದಿನವಿಡೀ ಗ್ಯಾರೇಜಿನವರ ಹತ್ತಿರ ಹಿಂದಿ, ಅರಬಿ, ಮಲಯಾಳ, ತುಳು ಎಲ್ಲದರಲ್ಲೂ ಬೊಬ್ಬೆ ಹೊಡೆಯುವುದೇ ಕೆಲಸ. ಹಾಗಾಗಿ ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಗಂಟಲಿಗೆ ಕ್ಯಾಮರಾ ಇಳಿಸಿ ನೋಡಿದಾಗ ಒಳಗೊಂದು ಗಂಟು ಕಂಡಿತು. ಅದರ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಭಾನುವಾರ. ಅದು ಬರೀ ಗಂಟೋ, ಬೇರೆ ಏನಾದರೂ ಇದೆಯೋ ಎಂದು ಅವತ್ತು ತಿಳಿಯುತ್ತದೆ ಎಂದರು. ಆ ಬೇರೆಯದರ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹೇಳಿಕೊಳ್ಳುವ ಹಾಗಿರಲಿಲ್ಲ, ಅಷ್ಟೆ.

ಮಗಳು ತನ್ನ ಹಳೆಯ ವೈಟ್‌ಬೋರ್ಡೊಂದನ್ನು ದಾನ ಮಾಡಿದಳು. ಅದರ ಮೂಲೆಯಲ್ಲಿ ಕುದುರೆಮರಿಯ ಚಿತ್ರವಿತ್ತು. ನಾನು ಏನೇ ಗಂಭೀರವಾದದ್ದು ಬರೆದರೂ ಪಕ್ಕದಲ್ಲಿ ಕುದುರೆಮರಿ ನಗುತ್ತಿತ್ತು. ಹೆಂಡತಿ ಓದುತ್ತಿದ್ದಳು, ಮಗಳು ಓದಿ ಕಾಗುಣಿತ ತಿದ್ದುತ್ತಿದ್ದಳು. ಅಮ್ಮನಿಗೆ ಓದಲು ಕನ್ನಡಕ ಬೇಕು. ತನಗೆ ಬೇಡದ್ದನ್ನು ನಾನು ಬರೆದಿದ್ದೇನೆ ಎಂಬ ಸಂಶಯ ಬಂದರೆ ಅವಳ ಕನ್ನಡಕ ಸಿಗುತ್ತಿರಲಿಲ್ಲ.

ವಿಷಯ ಕೇಳಿದ ಕೂಡಲೇ ಅಮ್ಮ ವಿಸಿಟ್ ವೀಸಾ ಮಾಡಿಸಿಕೊಂಡು ಊರಿನಿಂದ ಬಂದುಬಿಟ್ಟಿದ್ದಳು. ಸೀಬ್‌ನ ನಮ್ಮ ಫ್ಲಾಟಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕಾಯಿಲೆಗೆ ಕಾರಣ ಹೇಳಿದಳು. ಡಾಕ್ಟರಿಗೆ ಅಷ್ಟು ದಿನ ಬೇಕಾಗಿತ್ತು; ಅಮ್ಮನಿಗೆ ವಿಮಾನದಲ್ಲಿ ಕೂತಷ್ಟು ಹೊತ್ತು ಸಾಕಾಗಿತ್ತು.

"ಹರಕೆ ಬಾಕಿ ಉಂಟು," ಎಂದಳು.

ಕಥೆ ನನಗೆ ಗೊತ್ತಿದ್ದದ್ದೇ. ಐದು ತುಂಬುವವರೆಗೂ ನನಗೆ ಮಾತು ಬಂದಿರಲಿಲ್ಲ. ದೇವಸ್ಥಾನಕ್ಕೆ ಹೇಳಿ ಆಯಿತು, ದೈವಕ್ಕೆ ಹೇಳಿ ಆಯಿತು, ಯಾರೋ ಕೊಟ್ಟ ಜೇನುತುಪ್ಪ ನಾಲಿಗೆಗೆ ತಿಕ್ಕಿ ಆಯಿತು. ಕೊನೆಗೆ ಅಮ್ಮ ನಮ್ಮೂರ ಕ್ರೈಸ್ತರ ಇಗರ್ಜಿಗೆ ಹೋಗಿ, ಹುಡುಗನಿಗೆ ಮಾತು ಬಂದರೆ ಅವನೆತ್ತರದ ಮೇಣದಬತ್ತಿ ಹಚ್ಚುತ್ತೇನೆ ಎಂದು ಸಂತನಿಗೆ ಹೇಳಿಕೊಂಡಳು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಕೆಲಸ ಆಗಬೇಕಾದಾಗ ನಾವು ಯಾವ ಬಾಗಿಲನ್ನೂ ಬಿಡುವವರಲ್ಲ. ಒಂದು ತಿಂಗಳೊಳಗೆ ನಾನು ಮಾತಾಡಿದೆ. ಮೊದಲ ದಿನವೇ ಪಕ್ಕದ ಮನೆಯವರಿಗೆ ಬೈದೆನಂತೆ.

ಹರಕೆ ಮಾತ್ರ ಸಂದಾಯವಾಗಲಿಲ್ಲ. ಒಂದು ವರ್ಷ ಮಳೆ, ಒಂದು ವರ್ಷ ಸೂತಕ, ಒಂದು ವರ್ಷ ಅಪ್ಪನ ಸೊಂಟ. ಅಷ್ಟರಲ್ಲಿ ನಾನು ಬೆಳೆಯುತ್ತ ಹೋದೆ. ಪ್ರತಿ ವರ್ಷ ಮೇಣದಬತ್ತಿ ಉದ್ದವಾಗುತ್ತ ಹೋಗಿ ಅಮ್ಮನಿಗೆ ಸಂಕಟವಾಯಿತು. ಆಮೇಲೆ ನಾನು ಗಲ್ಫಿಗೆ ಬಂದೆ. ಈಗ ಗಂಟಲಲ್ಲಿ ಗಂಟು ಎಂದ ಕೂಡಲೇ ಅವಳಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಕೊಟ್ಟವರು ವಾಪಸ್ ಕೇಳುತ್ತಿದ್ದಾರೆ. ಭಾನುವಾರದ ಕಾಗದ ತೆರೆಯುವ ಮೊದಲು ಬತ್ತಿ ಉರಿಯಬೇಕು.

ಊರಿಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ. ನನ್ನ ಹೆಂಡತಿ ಅಮ್ಮನನ್ನು ಮಸ್ಕತ್ತಿನ ಇಗರ್ಜಿಗೆ ಕರೆದುಕೊಂಡು ಹೋದಳು. ಅಮ್ಮ ಕೈಮುಗಿದು, ಅಲ್ಲಿದ್ದ ಮಂಗಳೂರಿನ ಹೆಂಗಸರ ಹತ್ತಿರ ಮೀನಿನ ಕ್ರಯ ಮಾತಾಡಿ, ಸಂತೋಷವಾಗಿಯೇ ವಾಪಸ್ ಬಂದಳು. ಬತ್ತಿ ಹಚ್ಚಿರಲಿಲ್ಲ.

"ಒಳ್ಳೇದುಂಟು. ಜನವೂ ಒಳ್ಳೆಯವ್ರು. ಆದ್ರೆ ಮೊನ್ನೆ ಮೊನ್ನೆ ಕಟ್ಟಿದ್ದು ಮಾರಾಯ್ತಿ. ಇಲ್ಲಿಯವ್ರಿಗೆ ನಮ್ಮೂರಿನ ಬಾಕಿ ಗೊತ್ತಿರುದಿಲ್ಲ," ಎಂದಳು ಹೆಂಡತಿಗೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯವರಿಗೆ ಏನೇ ತೊಂದರೆ ಬರಲಿ, ಮೂಲ ಹುಡುಕುತ್ತಾರೆ. ಮುಂಬೈಯಲ್ಲಿ ಒಬ್ಬನಿಗೆ ಬೆನ್ನುನೋವು ಬಂದರೆ ಅವನ ಕುಟುಂಬದ ನಾಗನ ಮೂಲಸ್ಥಾನ ಯಾವ ಹಾಡಿಯ ಪೊದೆಯಲ್ಲಿದೆ ಎಂದು ಜೋಯಿಸರು ಕವಡೆ ಹಾಕಿ ನೋಡುತ್ತಾರೆ. ಕಟ್ಟೆ, ಗುಡಿ ಎಷ್ಟೇ ಇರಲಿ, ಮೂಲಸ್ಥಾನದಲ್ಲಿ ಒಪ್ಪಿಸಿದರೆ ಎಲ್ಲ ಕಡೆಯೂ ಒಪ್ಪಿಸಿದಂತೆ. ಈ ನಿಯಮ ನಾಗನಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲವಲ್ಲ, ಇಗರ್ಜಿಗೂ ಒಂದು ಮೂಲ ಇರಲೇಬೇಕು ಎಂಬುದು ಅಮ್ಮನ ವಾದ.

ಆ ಹೊತ್ತಿಗೆ ಸರಿಯಾಗಿ ನನ್ನ ಬ್ಯಾರಿ ಸ್ನೇಹಿತ ನನ್ನನ್ನು ನೋಡಲು ಬಂದ. ಉಪ್ಪಿನಂಗಡಿ ಕಡೆಯವನು. ಒಂದು ಬಸ್ಸಿದೆ, ಅದನ್ನು ತಾನೇ ಓಡಿಸುತ್ತಾನೆ. ಚಳಿಗಾಲದಲ್ಲಿ ಮತ್ರಾ ಬಂದರಿಗೆ ಪ್ರವಾಸಿ ಹಡಗು ಬಂದಾಗ, ಇಳಿದ ಜನರನ್ನು ಕೋಟೆ ಕೊತ್ತಲ ತೋರಿಸಿ ಸಂಜೆಯೊಳಗೆ ಮತ್ತೆ ಹಡಗಿಗೆ ಮುಟ್ಟಿಸುವುದು ಅವನ ಕೆಲಸ. ನನ್ನ ಮೌನ ನೋಡಿ ಅವನಿಗೆ ಏನು ಮಾತಾಡುವುದೆಂದು ತೋಚದೆ, ಶನಿವಾರದ ಬಾಡಿಗೆಯ ವಿಷಯ ತೆಗೆದ. ಉತ್ತರದ ಹಳೆಯ ಬಂದರು ಸೊಹಾರ್‌ಗೆ ಟ್ರಿಪ್. ಪುರಾತನ ಅವಶೇಷಗಳು ಮತ್ತು ಆದಿ ಕ್ರೈಸ್ತರ ತಾಣಗಳು.

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. "ಆದಿ ಅಂದ್ರೆ ಎಷ್ಟು ಹಳತು?"

"ನಮ್ಮ ಪೈಗಂಬರಿಗಿಂತಲೂ ಮುಂಚೆ ಅಂತೆ ಅಮ್ಮ. ಗೈಡು ಹೇಳ್ತಾನೆ, ನಾನು ಕೇಳಿದ್ದು."

"ನಮ್ಮೂರ ಇಗರ್ಜಿಗಿಂತ?"

"ನಿಮ್ಮೂರಿನದ್ದು ಅದರ ಎದುರು ಮರಿಮಗ."

ನಾನು ಬೋರ್ಡು ತೆಗೆದುಕೊಂಡು 'ಬೇಡ' ಎಂದು ದೊಡ್ಡದಾಗಿ ಬರೆದೆ. ಅಮ್ಮ ಕನ್ನಡಕ ಹುಡುಕತೊಡಗಿದಳು. ಅದು ಅವಳ ತಲೆಯ ಮೇಲೆಯೇ ಇತ್ತು. ಹಡಗಿನಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟು ಸೀಟು ಖಾಲಿ ಉಂಟು, ಗೈಡಿನ ಹತ್ತಿರ ಕೇಳಿ ಇಬ್ಬರನ್ನು ಸೀಬ್‌ನಲ್ಲೇ ಹತ್ತಿಸಿಕೊಳ್ಳುತ್ತೇನೆ ಎಂದು ಸ್ನೇಹಿತ ಹೇಳಿದ. ಹೆಂಡತಿ ನನ್ನನ್ನು ನೋಡಿದಳು. ಭಾನುವಾರದವರೆಗೆ ಮನೆಯಲ್ಲಿ ಕೂತು ಅಮ್ಮನ ಮುಖ ನೋಡುವುದಕ್ಕಿಂತ ಸೊಹಾರ್ ವಾಸಿ ಎಂದು ನನಗೂ ಅನಿಸಿತು. ಬೋರ್ಡು ಒರೆಸಿದೆ.

ಆಳೆತ್ತರದ ಮೇಣದಬತ್ತಿ ಮಸ್ಕತ್ತಿನಲ್ಲಿ ಎಲ್ಲಿ ಸಿಗಬೇಕು? ಅಮ್ಮ ಅದಕ್ಕೂ ದಾರಿ ಕಂಡುಕೊಂಡಳು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಕಾಲ ಬೆರಳಿಂದ ತಲೆಯವರೆಗೆ ಬಿಳಿ ನೂಲಿನಲ್ಲಿ ಅಳತೆ ತೆಗೆದಳು. ಆ ನೂಲನ್ನು ಮಡಚಿ ಮಡಚಿ ಬತ್ತಿ ಹೊಸೆದಳು. ಕರೆಂಟು ಹೋದರೆ ಇರಲಿ ಎಂದು ತಂದಿಟ್ಟಿದ್ದ ಮೇಣದಬತ್ತಿಗಳನ್ನೆಲ್ಲ ಕರಗಿಸಿ, ಹಾಲಿನ ಪುಡಿಯ ಡಬ್ಬಿಗೆ ಸುರಿದು, ನಡುವೆ ಆ ಬತ್ತಿ ನಿಲ್ಲಿಸಿದಳು. ಉದ್ದ ಒಳಗಿದ್ದರೂ ಉದ್ದವೇ ಎಂದಳು. ಮಗಳು ಒಲೆಯ ಹತ್ತಿರ ಬಂದು, "ಅಜ್ಜಿ, ದಿಸ್ ಈಸ್ ನಾಟ್ ಸೇಫ್," ಎಂದು ಹೇಳಿ ಓದಲು ಹೋದಳು. ತಣಿದ ಮೇಲೆ ನೋಡಿದರೆ ನಾನು ಡಬ್ಬಿಯೊಳಗೆ ಗಿಡ್ಡಗೆ, ದಪ್ಪಗೆ ಕೂತಿದ್ದೆ.

ಶನಿವಾರ ಬೆಳಿಗ್ಗೆ ಹೈವೇ ಬದಿಯಲ್ಲಿ ಬಸ್ಸು ಹತ್ತಿದೆವು. ಒಳಗೆ ಹ್ಯಾಟು ಹಾಕಿದ ಹಿರಿಯ ಬಿಳಿಯರು. ಅಮ್ಮ ಎಲ್ಲರಿಗೂ ತಲೆಬಾಗಿಸಿ, ಸೀರೆ ಸರಿಮಾಡಿಕೊಂಡು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನನ್ನ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಬೋರ್ಡು ನೋಡಿ ಎದುರಿನ ಸೀಟಿನ ಅಜ್ಜಿಯೊಬ್ಬರು ನನ್ನೊಂದಿಗೆ ಬಹಳ ಜೋರಾಗಿ, ನಿಧಾನವಾಗಿ ಮಾತಾಡಿದರು. ಗಂಟಲು ನೋವು ಎಂದು ಬರೆದು ತೋರಿಸಿದೆ. ಅವರು ಕೈಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು.

ಗೈಡು ಸೊಹಾರ್‌ನವನೇ ಆದ ಓಮಾನಿ ತರುಣ. ಬಿಳಿ ದಿಶ್‌ದಾಶ ನಿಲುವಂಗಿ, ಇಸ್ತ್ರಿ ಕೆಡದ ನಡಿಗೆ. ಅವನಲ್ಲಿ ಒಂದು ದೊಡ್ಡ ದೋಷವಿತ್ತು: ಸುಳ್ಳು ಹೇಳುತ್ತಿರಲಿಲ್ಲ. ಸೊಹಾರ್‌ನ ಬಿಳಿ ಕೋಟೆಯಲ್ಲಿ ಒಬ್ಬರು ಒಂದು ಗೋಡೆ ತೋರಿಸಿ ಇದು ಎಷ್ಟು ಹಳೆಯದು ಎಂದು ಭಕ್ತಿಯಿಂದ ಕೇಳಿದರೆ, "ಇದು ಮೊನ್ನೆ ರಿಪೇರಿ ಮಾಡಿದ್ದು," ಎಂದ. ಅಗೆದು ತೆಗೆದ ಹಳೆಯ ಊರಿನ ಇಟ್ಟಿಗೆ, ಮಡಕೆ ಚೂರು ಎಲ್ಲ ತೋರಿಸಿ, ಒಂದು ಕಾಲದಲ್ಲಿ ಚೀನಾದವರೆಗೆ ಹಡಗು ಹೋಗುತ್ತಿದ್ದ ಊರು ಇದು, ನಿಮ್ಮ ಹಡಗು ಮಾತ್ರ ಮಸ್ಕತ್ತಿನಲ್ಲಿ ನಿಂತಿದೆ ಎಂದ. ಯಾರೂ ನಗಲಿಲ್ಲ. ನನಗೆ ನಗು ಬಂತು, ಡಾಕ್ಟರ ಆಜ್ಞೆ ನೆನಪಾಗಿ ತಡೆದುಕೊಂಡೆ.

ಅಮ್ಮ ಕೋಟೆಯಲ್ಲಿ ಏನನ್ನೂ ನೋಡಲಿಲ್ಲ. ನೆರಳಿನಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಬಿಸಿಲಿಗೆ ಮೇಣ ಕರಗಿದರೆ ಎಂಬುದು ಅವಳ ಚಿಂತೆ.

ಕೊನೆಗೆ ಬಸ್ಸು ನಮ್ಮ ಮುಖ್ಯ ತಾಣದಲ್ಲಿ ನಿಂತಿತು. ಒಂದು ತಂತಿಬೇಲಿ. ಒಳಗೆ ಬಯಲು, ಬಯಲಿನಲ್ಲಿ ತಗ್ಗಾದ ಒಂದು ಮಣ್ಣಿನ ದಿಬ್ಬ, ಎರಡು ಆಡು. ಹಿಂದೆ ಖರ್ಜೂರದ ತೋಟ, ರಸ್ತೆಯ ಈಚೆ ಟೈರಿನ ಅಂಗಡಿ. ಸಮುದ್ರದಿಂದ ಗಾಳಿ ಬೀಸುತ್ತಿತ್ತು. ಎಲ್ಲರೂ ಕ್ಯಾಮರಾ ತೆಗೆದು, ಎಲ್ಲಿಗೆ ಹಿಡಿಯುವುದು ಎಂದು ತಿಳಿಯದೆ ಗೈಡನ್ನು ನೋಡಿದರು.

ಇಸ್ಲಾಂ ಬರುವ ಮೊದಲು ಈ ಊರಿನಲ್ಲಿ ಕ್ರೈಸ್ತರಿದ್ದರು, ಬಿಷಪ್ಪರೂ ಇದ್ದರು ಎಂದು ಅವನು ವಿವರಿಸಿದ. ದೂರದ ದೇಶದ ಧರ್ಮಸಭೆಗಳ ಹಳೆಯ ದಾಖಲೆಯಲ್ಲಿ ಅವರ ಪ್ರಸ್ತಾಪ ಇದೆಯಂತೆ.

"ಹಾಗಾದರೆ ಚರ್ಚು ಎಲ್ಲಿ?" ಎಂದು ಪೆಪ್ಪರ್‌ಮಿಂಟ್ ಅಜ್ಜಿ ಕೇಳಿದರು.

"ಸಿಕ್ಕಿಲ್ಲ."

"ಈ ದಿಬ್ಬ?"

"ಇದು ಯಾರದೋ ಮನೆ ಇರಬಹುದು. ಚರ್ಚು ಈ ಊರಿನಲ್ಲಿ ಎಲ್ಲೋ ಮಣ್ಣಿನ ಕೆಳಗಿರಬೇಕು. ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ."

ಆಮೇಲೆ ಒಬ್ಬರು ಆಡಿನ ಫೋಟೋ ತೆಗೆದರು. ಉಳಿದವರೂ ಆಡಿನ ಫೋಟೋ ತೆಗೆದರು.

ಬ್ಯಾರಿ ಸ್ನೇಹಿತ ಬಸ್ಸಿನಿಂದಿಳಿದು ಬಂದು ಅಮ್ಮನಿಗೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದ. ಹೇಳುವಾಗ ಅವನ ಮುಖ ಸಪ್ಪಗಾಗಿತ್ತು. ಸೀಟು ಕೊಡಿಸಿದವನು ಅವನೇ ತಾನೆ. ನಾನು ಬೋರ್ಡಿನಲ್ಲಿ 'ಮನೆಗೆ ಹೋಗುವ' ಎಂದು ಬರೆದು ಅಮ್ಮನ ಮುಂದೆ ಹಿಡಿದೆ. ನನಗೆ ಅವಳ ಮೇಲೆ ಕನಿಕರ ಬಂದಿತ್ತು. ಸಿಟ್ಟೂ ಬಂದಿತ್ತು. ಈ ಖಾಲಿ ಬಯಲಿಗೂ ನಾಳೆಯ ಕಾಗದಕ್ಕೂ ಏನು ಸಂಬಂಧ ಎಂದು ಕೂಗಬೇಕೆನಿಸಿತು, ಆದರೆ ಕೂಗುವ ಸಾಮಾನೇ ರಿಪೇರಿಯಲ್ಲಿತ್ತು.

ಅಮ್ಮ ಬೋರ್ಡನ್ನು ಪಕ್ಕಕ್ಕೆ ಸರಿಸಿ ಸ್ನೇಹಿತನನ್ನು ಕೇಳಿದಳು. "ಇಲ್ಲ ಅಂತ ಹೇಳಿದ್ನಾ, ಸಿಕ್ಲಿಲ್ಲ ಅಂತ ಹೇಳಿದ್ನಾ?"

"ಸಿಕ್ಲಿಲ್ಲ ಅಂತ."

"ಮತ್ತೆಂತ? ನಮ್ಮ ನಾಗನ ಮೂಲವೂ ಎಷ್ಟು ವರ್ಷ ಸಿಕ್ಕಿರ್ಲಿಲ್ಲ. ಪೊದೆ ಅಡಿಯಲ್ಲಿ ಇತ್ತು. ಕೆಳಗೆ ಉಂಟಲ್ವಾ, ಅಷ್ಟು ಸಾಕು. ಬೇಲಿ ತೆಗಿಲಿಕ್ಕೆ ಹೇಳು ಮಗಾ."

ಗೈಡಿಗೆ ವಿಷಯ ಹೇಳಬೇಕಾಯಿತು. ಅವನಿಗೂ ನನ್ನ ಸ್ನೇಹಿತನಿಗೂ ಹಿಂದಿಯಲ್ಲಿ ಮಾತು ನಡೆಯಿತು. ಗೈಡಿನ ಹಿಂದಿ ಪೂರ್ತಿ ಸಿನಿಮಾದಲ್ಲಿ ಕಲಿತದ್ದು, ಹಾಗಾಗಿ ತಾಯಿ, ಮಗ, ಕಾಯಿಲೆ ಎಂಬ ಮಾತು ಬಂದ ಕೂಡಲೇ ಅವನಿಗೆ ಪರಿಸ್ಥಿತಿ ಅರ್ಥವಾಯಿತು. ಅಮ್ಮನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು, "ಮಾಜೀ, ಬೇಲಿಯೊಳಗೆ ಬೆಂಕಿ ಹಚ್ಚುವ ಹಾಗಿಲ್ಲ, ಕಾನೂನು," ಎಂದ. ಆಮೇಲೆ ರಸ್ತೆಯನ್ನೂ ಟೈರಿನ ಅಂಗಡಿಯನ್ನೂ ನೋಡಿ ಸ್ವಲ್ಪ ಯೋಚಿಸಿದ. "ಚರ್ಚು ಬೇಲಿಯೊಳಗೇ ಇದೆ ಎಂದು ನಾನು ಹೇಳಿಲ್ಲ. ಬಸ್ಸಿನ ಕೆಳಗೂ ಇರಬಹುದು. ಯಲ್ಲಾ, ಹಚ್ಚಿ."

ಹೀಗೆ ನನ್ನ ಹರಕೆಗೆ ಜಾಗ ಗೊತ್ತಾಯಿತು: ಬಸ್ಸಿನ ಹಿಂದಿನ ಚಕ್ರದ ಪಕ್ಕ, ಗಾಳಿಗೆ ಮರೆಯಾದ ಬದಿಯಲ್ಲಿ. ಅಮ್ಮ ಚಪ್ಪಲಿ ಬಿಟ್ಟು, ನೀರಿನ ಬಾಟಲಿಯಿಂದ ನೆಲಕ್ಕೆ ನೀರು ಚಿಮುಕಿಸಿ, ಡಬ್ಬಿ ಇಟ್ಟಳು. ಬೆಂಕಿಕಡ್ಡಿ ಒಂದರ ಹಿಂದೆ ಒಂದು ಆರಿತು. ಬ್ಯಾರಿ ಸ್ನೇಹಿತ ಬಸ್ಸಿನ ಮುಂದಿನ ಗಾಜಿಗೆ ಬಿಸಿಲಿಗೆಂದು ಹಾಕುವ ಬೆಳ್ಳಿ ಬಣ್ಣದ ಹಾಳೆ ತಂದು, ಎರಡೂ ಕೈ ಚಾಚಿ ಅಡ್ಡ ಹಿಡಿದು ನಿಂತ. ಬತ್ತಿ ಹೊತ್ತಿತು.

ಅಷ್ಟರಲ್ಲಿ ಇಡೀ ಬಸ್ಸಿನ ಜನ ಈ ಕಡೆ ಬಂದಿದ್ದರು. ಆದಿ ಕ್ರೈಸ್ತರ ತಾಣದಲ್ಲಿ ಕೊನೆಗೂ ನೋಡಲು ಏನೋ ಸಿಕ್ಕಿತ್ತು. ಒಬ್ಬ ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿ, ಇದು ಇಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿಯೇ ಎಂದು ಮೆಲ್ಲಗೆ ಕೇಳಿದರು. ಅಷ್ಟನ್ನೂ ವಿವರಿಸಲು ಕುದುರೆಮರಿ ಬಿಟ್ಟುಕೊಟ್ಟ ಜಾಗ ಸಾಲದು. ತಲೆಯಾಡಿಸಿದೆ. ಅವರು ಹ್ಯಾಟು ತೆಗೆದರು. ಅವರನ್ನು ನೋಡಿ ಎಲ್ಲರೂ ಹ್ಯಾಟು ತೆಗೆದರು. ಪೆಪ್ಪರ್‌ಮಿಂಟ್ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣು ಮುಚ್ಚಿದರು. ಹಾಲಿನ ಡಬ್ಬಿಯ ಮೇಲಿನ ಹಸುವಿನ ಚಿತ್ರದ ಸಮೇತ ನನ್ನ ಹರಕೆ ಎಷ್ಟೋ ಫೋನುಗಳಲ್ಲಿ ಸಮುದ್ರ ದಾಟಿ ಹೋಗಿದೆ.

ನಮ್ಮಲ್ಲಿ ಹರಕೆ ಸುಮ್ಮನೆ ಇಟ್ಟುಬಂದರೆ ಆಗುವುದಿಲ್ಲ. ಯಾರದ್ದು, ಯಾಕೆ, ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಒಪ್ಪಿಸಬೇಕಾದವನು ನಾನು. ಬಾಯಿ ತೆರೆದೆ. ಅಮ್ಮ ಕೂಡಲೇ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಡಾಕ್ಟರ ಮಾತನ್ನು ಅವಳೂ ಕೇಳುತ್ತಾಳೆ ಎಂದು ಅವತ್ತೇ ನನಗೆ ತಿಳಿದದ್ದು. ಆ ಕೈ ತೆಗೆಯದೆಯೇ ಅವಳು ನೆಲದ ಕಡೆ ನೋಡಿ ಹೇಳಿದಳು. ಹೇಳಿದ್ದು ತುಳುವಿನಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ಬರೆದರೆ ಹೀಗೆ:

"ಸ್ವಾಮೀ, ತಡ ಆದದ್ದು ನನ್ನಿಂದ. ಇವನಿಂದ ಅಲ್ಲ. ಇವನಿಗೆ ಮಾತು ಕೊಡಿ ಅಂತ ನಾನು ಕೇಳಿದ್ದೆ, ನೀವು ಕೊಟ್ರಿ. ಅದು ನಿಮ್ಮದೇ. ವಾಪಸ್ ಬೇಕಾದ್ರೆ ತೆಗೊಳ್ಳಿ, ನಾನು ಒಂದು ಮಾತು ಹೇಳುದಿಲ್ಲ. ಆದ್ರೆ ಜೀವ ನಾನು ನಿಮ್ಮ ಹತ್ರ ಕೇಳಿದ್ದಲ್ಲ. ಅದು ನಾನು ಹೆತ್ತು ಕೊಟ್ಟದ್ದು. ಅದನ್ನು ಮುಟ್ಬೇಡಿ."

ಅಷ್ಟು ದಿನ ಅವಳು ನನ್ನ ದನಿಯ ಬಗ್ಗೆ ಚಿಂತೆ ಮಾಡುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಆ ಹೆಸರು ಹೇಳದ ಕಾಯಿಲೆ ಅವಳಿಗೆ ತಿಳಿದಿಲ್ಲ ಎಂದೂ, ನಾವು ಅದನ್ನು ಚೆನ್ನಾಗಿ ಮುಚ್ಚಿಟ್ಟಿದ್ದೇವೆ ಎಂದೂ ತಿಳಿದಿದ್ದೆ. ಅವಳ ಅಂಗೈ ಮೇಣದ ವಾಸನೆ ಹೊಡೆಯುತ್ತಿತ್ತು. ನಾನು ಅಳುತ್ತಿದ್ದೆ, ಅಳುವುದಕ್ಕೆ ದನಿ ಬೇಕಾಗಲಿಲ್ಲ. ಸುತ್ತ ನಿಂತವರಲ್ಲಿ ಆ ಮಾತು ಅರ್ಥವಾಗುವವನು ಇನ್ನೊಬ್ಬನೇ ಇದ್ದ. ಅವನು ಬೆಳ್ಳಿ ಹಾಳೆ ಹಿಡಿದ ಕೈ ಬಿಡದೆ, ಮುಖವನ್ನು ಮಾತ್ರ ಟೈರಿನ ಅಂಗಡಿಯ ಕಡೆ ತಿರುಗಿಸಿದ.

ಗೈಡು ಗಡಿಯಾರ ನೋಡಿದ. ಹಡಗು ಯಾರಿಗೂ ಕಾಯುವುದಿಲ್ಲ. ಪೂರ್ತಿ ಉರಿಯುವವರೆಗೆ ನಿಲ್ಲುವ ಹಾಗಿರಲಿಲ್ಲ, ಉರಿಯುವುದನ್ನು ಆರಿಸುವ ಹಾಗೂ ಇರಲಿಲ್ಲ. ಕೊನೆಗೆ ಟೈರಿನ ಅಂಗಡಿಯ ಬಂಗಾಲಿ ಬಂದು, ಡಬ್ಬಿಯನ್ನು ಎತ್ತಿಕೊಂಡು ಹೋಗಿ ಅಂಗಡಿಯ ಮೂಲೆಯಲ್ಲಿ, ಟೈರುಗಳಿಂದ ದೂರ, ಸಿಮೆಂಟಿನ ಮೇಲೆ ಇಟ್ಟ. ತಾನೇ ಆರಲಿ, ನಾನು ನೋಡಿಕೊಳ್ಳುತ್ತೇನೆ ಎಂದ. ವಾಪಸ್ ಬರುವಾಗ ಅಮ್ಮ ಸೀಬ್‌ವರೆಗೂ ನಿದ್ದೆ ಮಾಡಿದಳು.

ಭಾನುವಾರ ರಿಪೋರ್ಟ್ ಬಂತು. ಬರೀ ಗಂಟು. ಡಾಕ್ಟರು ಅದನ್ನೂ ಹೆಂಡತಿಗೇ ಹೇಳಿದರು. ಕೆಲವು ದಿನ ಕಳೆದ ಮೇಲೆ ಮಾತಾಡಲು ಬಿಟ್ಟರು. ದನಿ ಪೂರ್ತಿ ಮೊದಲಿನ ಹಾಗೆ ಆಗಲಿಕ್ಕಿಲ್ಲ, ಸ್ವಲ್ಪ ಒರಟಾಗಿ ಉಳಿಯಬಹುದು ಎಂದರು.

ಆಸ್ಪತ್ರೆಯಿಂದ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, "ಅಮ್ಮಾ," ಎಂದು ಕರೆದೆ. ತಗಡು ಎಳೆದಂತೆ ಕೇಳಿಸಿತು. ನನ್ನ ದನಿ ಎಂದು ನನಗೇ ಗುರುತಾಗಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಇನ್ನೊಮ್ಮೆ ಕರಿ," ಎಂದಳು.

ಕರೆದೆ. ಅದೂ ಹಾಗೆಯೇ ಬಂತು.

"ಸಾಕು. ಉಳಿದದ್ದು ಅವ್ರ ಹತ್ರವೇ ಇರ್ಲಿ," ಎಂದು ಹೇಳಿ, ಅಲ್ಲೇ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.